ಪ್ಲಾನ್ ಓದೋಕೆ ಬರದವರಿಗೆ ಕಟ್ಟಡ ತೋರಿಸುವುದು

ಚಿತ್ರಕಲೆಯ ಪ್ರದರ್ಶನದಲ್ಲಿ ಕೊನೇಪಕ್ಷ ಚಿತ್ರವೇ ಗೋಡೆ ಮೇಲಿರುತ್ತದೆ. ವಾಸ್ತುಶಿಲ್ಪಿಯ ಪ್ರದರ್ಶನದಲ್ಲಿ ಆ ಭಾಗ್ಯ ಇಲ್ಲ. ಅಸಲಿ ಕೆಲಸ ಎಲ್ಲೋ ಹೊರಗೆ ಮಳೆ ಬಿಸಿಲಲ್ಲಿ ನಿಂತಿರುತ್ತದೆ. ನಮ್ಮ ಪಾಲಿಗೆ ಬರುವುದು ಅದರ ಸುತ್ತಮುತ್ತ ಹುಟ್ಟಿದ ಸಾಮಾನು: ಸ್ಕೆಚ್ಚು, ಪ್ಲಾನು, ಮಾಡೆಲ್ಲು, ಫೋಟೋ, ಒಂದಿಷ್ಟು ಪತ್ರ.

ನಾನು ಮ್ಯೂಸಿಯಂ ಒಂದರ ಪ್ರದರ್ಶನ ವಿಭಾಗದಲ್ಲಿದ್ದೇನೆ. ಇಂಥ ಕೆಲಸ ಮೊದಲ ಸಲ ನನ್ನ ತಲೆ ಮೇಲೆ ಬಿದ್ದಾಗ ನಾನು ಮಾಡಿದ ತಪ್ಪು ಬಹಳ ಸರಳವಾದದ್ದು. ಸಿಕ್ಕಿದ್ದನ್ನೆಲ್ಲ ತೂಗುಹಾಕಿದೆ. ತೊಂಬತ್ತಕ್ಕೂ ಜಾಸ್ತಿ ಹಾಳೆ, ಇಸವಿ ಪ್ರಕಾರ, ಒಂದೇ ಎತ್ತರದಲ್ಲಿ, ನೂಲು ಹಿಡಿದ ಹಾಗೆ. ನೋಡೋಕೆ ಎಷ್ಟು ಅಚ್ಚುಕಟ್ಟಾಗಿತ್ತು ಅಂದರೆ ಉದ್ಘಾಟನೆಯ ದಿನ ನನಗೆ ನಾನೇ ಶಭಾಷ್ ಹೇಳಿಕೊಂಡೆ.

ಎರಡನೇ ದಿನ ಸಂಜೆ ಆ ಕೋಣೆಯ ಕಾವಲುಗಾರ ಬಂದು ಹೇಳಿದರು: "ಈ ಗೋಡೆ ಹತ್ರ ಯಾರೂ ನಿಲ್ಲಲ್ಲ. ಕೂರೋಕೆ ಜಾಗ ಎಲ್ಲಿದೆ ಅಂತ ಕೇಳ್ತಾರೆ, ಅಷ್ಟೇ."

ಮರುದಿನ ಅವರ ಕುರ್ಚಿ ಇಸ್ಕೊಂಡು ಮಧ್ಯಾಹ್ನದವರೆಗೂ ಸುಮ್ನೆ ಕೂತೆ. ಅವರು ಹೇಳಿದ್ದು ನಿಜ. ಜನ ನಡೆಯುತ್ತಲೇ ನೋಡುತ್ತಿದ್ದರು. ನಿಂತಿದ್ದು ಎರಡೇ ಕಡೆ. ಒಂದು, ಮಾಡೆಲ್ ಹತ್ತಿರ. ಇನ್ನೊಂದು, ನಾನು ಬೇಡ ಅಂತಲೇ ಮೂಲೆಗೆ ಹಾಕಿದ್ದ ಒಂದು ಕೊಳಕು ಟ್ರೇಸಿಂಗ್ ಹಾಳೆ. ಅದರಲ್ಲೊಂದು ಮೆಟ್ಟಿಲು. ಇಂಕಿನ ಗೆರೆಯನ್ನು ಬ್ಲೇಡಿನಿಂದ ಕೆರೆದು ತೆಗೆದಿದ್ದಾರೆ, ಮತ್ತೆ ಬರೆದಿದ್ದಾರೆ, ಮತ್ತೆ ಕೆರೆದಿದ್ದಾರೆ. ಕೆರೆದ ಜಾಗದಲ್ಲಿ ಕಾಗದ ತೆಳ್ಳಗಾಗಿ, ಮಂಜು ಹಿಡಿದ ಗಾಜಿನ ಹಾಗಾಗಿದೆ. ಇನ್ನೊಂದು ಸಲ ಕೆರೆದಿದ್ದರೆ ತೂತೇ ಆಗುತ್ತಿತ್ತು. ಪ್ಲಾನಿನ ಗಂಧಗಾಳಿ ಇಲ್ಲದವರಿಗೂ ಅದು ಅರ್ಥವಾಗುತ್ತಿತ್ತು: ಪಾಪ, ಈ ಮನುಷ್ಯನಿಗೆ ಇದು ಬಗೆಹರಿದಿಲ್ಲ.

ಅಂದವಾದ ಹಾಳೆಗಳಲ್ಲಿ ಎಲ್ಲವೂ ಬಗೆಹರಿದಿತ್ತು. ತೊಂದರೆ ಅದೇ.

ಅರ್ಧಕ್ಕಿಂತ ಜಾಸ್ತಿ ಹಾಳೆ ಇಳಿಸಿದೆವು. ಆ ಮೆಟ್ಟಿಲನ್ನು ಕೋಣೆಯ ಮಧ್ಯಕ್ಕೆ ತಂದೆವು. ಅದರ ತಿರುವಿನ ಜಾಗವನ್ನು ನೆಲದ ಮೇಲೆ ಟೇಪಿನಿಂದ ನಿಜವಾದ ಅಳತೆಯಲ್ಲೇ ಗುರುತು ಹಾಕಿದೆವು. 1:50ರ ನಕ್ಷೆಯಲ್ಲಿ ಮೂರು ಮೀಟರಿನ ಕೋಣೆ ಅಂದರೆ ಆರು ಸೆಂಟಿಮೀಟರ್. ನಮಗೆ ಅಭ್ಯಾಸ, ಕಣ್ಣಲ್ಲೇ ದೊಡ್ಡದು ಮಾಡಿಕೊಳ್ಳುತ್ತೇವೆ. ಮಿಕ್ಕವರು ಯಾಕೆ ಆ ಕಷ್ಟಪಡಬೇಕು? ಒಬ್ಬ ಹೆಂಗಸು ಆ ಚೌಕದಲ್ಲಿ ನಿಂತು, ಎರಡೂ ಕೈ ಚಾಚಿ, "ಇಷ್ಟೇನಾ!" ಅಂದರು. ತೊಂಬತ್ತು ಹಾಳೆ ಸೇರಿ ಆ ಒಂದು ಮಾತು ಹೊರಡಿಸಿರಲಿಲ್ಲ.

ಅಳತೆಯ ವಿಷಯದಲ್ಲಿ ದೊಡ್ಡವರು ಮೊದಲೇ ದಾರಿ ತೋರಿಸಿದ್ದರು, ನಾನೇ ಗಮನಿಸಿರಲಿಲ್ಲ. 1947ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂನಲ್ಲಿ ವಾಸ್ತುಶಿಲ್ಪಿ ಮೀಸ್ ವಾನ್ ಡೆರ್ ರೋಹೆ ತಮ್ಮದೇ ಪ್ರದರ್ಶನದ ವಿನ್ಯಾಸ ಮಾಡಿದರು. ಅಲ್ಲಿ ಗೋಡೆ ತುಂಬುವಷ್ಟು ದೊಡ್ಡ ಫೋಟೋಗಳಿದ್ದವು. ಬಾರ್ಸಿಲೋನಾದಲ್ಲಿ ವಾಸ್ತುಶಿಲ್ಪಿ ಗೌಡಿ ಕಟ್ಟಿದ ಕಾಸಾ ಮಿಲಾ ಅನ್ನೋ ಕಟ್ಟಡದ ಅಟ್ಟದಲ್ಲಿ ಅವರ ವಿಧಾನ ತೋರಿಸುವ ತೂಗುಮಾಡೆಲ್ ಇದೆ. ಇಳಿಬಿಟ್ಟ ಸರಪಳಿಗಳು, ಕೆಳಗೊಂದು ಕನ್ನಡಿ. ಬಗ್ಗಿ ಕನ್ನಡಿ ನೋಡಿದರೆ ಜೋತುಬಿದ್ದದ್ದೆಲ್ಲ ಎದ್ದು ನಿಂತ ಕಮಾನುಗಳಾಗಿ ಕಾಣುತ್ತದೆ. ಅದರ ಪಕ್ಕ ಯಾವ ವಿವರಣೆ ಬರೆದರೂ ಸಪ್ಪೆಯೇ.

ವಿವರಣೆ ಅಂದೆ ನೋಡಿ. ನಮ್ಮ ಮೊದಲ ಫಲಕಗಳಲ್ಲಿ "ಅವಕಾಶದೊಂದಿಗಿನ ಸಂವಾದ" ಅಂತೆಲ್ಲ ಇತ್ತು. ಬರೆದವನು ನಾನೇ, ಬೇರೆಯವರ ಮೇಲೆ ಹಾಕೋಕಾಗಲ್ಲ. ಆಮೇಲೆ ಒಂದೊಂದು ಫಲಕಕ್ಕೂ ಒಂದೊಂದೇ ಪ್ರಶ್ನೆ ಇಟ್ಟೆವು. ಈ ಕಿಟಕಿ ಯಾಕೆ ಇಷ್ಟು ಕೆಳಗಿದೆ? ಮಲಗಿದವರಿಗೂ ಹೊರಗಿನ ಮರ ಕಾಣಲಿ ಅಂತ. ಮುಗೀತು.

ಮಾಡೆಲ್‌ಗಳದು ಬೇರೆ ಕಥೆ. ಮೇಜಿನ ಮೇಲಿಟ್ಟರೆ ಎಲ್ಲರೂ ಹದ್ದಿನ ಹಾಗೆ ಛಾವಣಿ ನೋಡುತ್ತಾರೆ. ಎತ್ತರಿಸಿದರೆ ಬಾಗಿಲ ಮಟ್ಟಕ್ಕೆ ಕಣ್ಣು ಬರುತ್ತದೆ, ಆದರೆ ಮಕ್ಕಳಿಗೂ ಗಾಲಿಕುರ್ಚಿಯಲ್ಲಿ ಬಂದವರಿಗೂ ಬರೀ ಪೀಠ ಕಾಣುತ್ತದೆ. ಕೊನೆಗೆ ಎರಡು ಎತ್ತರ ಇಟ್ಟೆವು. ಪೂರ್ತಿ ಸಮಾಧಾನ ಈಗಲೂ ಇಲ್ಲ.

ಬೆಳಕಿನ ಬಗ್ಗೆ ಬೈಗುಳ ತಿಂದಿದ್ದಂತೂ ಲೆಕ್ಕವಿಲ್ಲ. ಹಳೇ ಕಾಗದಕ್ಕೆ ಸುಮಾರು 50 ಲಕ್ಸ್ (ಲಕ್ಸ್ ಅಂದರೆ ಬೆಳಕಿನ ಅಳತೆ), ಅದಕ್ಕಿಂತ ಜಾಸ್ತಿ ಕೊಡುವಂತಿಲ್ಲ. "ಕರೆಂಟ್ ಇಲ್ವಾ?" ಅಂತ ಕೇಳಿದವರಿದ್ದಾರೆ. ನೀಲಿನಕ್ಷೆಗಳ ನೀಲಿ ಬೆಳಕಿಗೆ ಮಾಸುತ್ತದೆ. ಕತ್ತಲಲ್ಲಿಟ್ಟರೆ ಸ್ವಲ್ಪ ಮಟ್ಟಿಗೆ ವಾಪಸ್ ಬರುತ್ತದೆ, ಪೂರ್ತಿ ಅಲ್ಲ. ಕ್ಷಾರಕ್ಕೂ ಅದು ಹೆದರುತ್ತದೆ. ಬೇರೆ ಕಾಗದಗಳನ್ನು ಕಾಪಾಡೋಕೆ ಅಂತ ಕ್ಷಾರ ಸೇರಿಸಿದ ಫೋಲ್ಡರ್ ಬಳಸುತ್ತೇವಲ್ಲ, ಇದಕ್ಕೆ ಅದೇ ಶತ್ರು. ನಮ್ಮ ಸಂರಕ್ಷಕಿ ಸಮಯಕ್ಕೆ ಸರಿಯಾಗಿ ನನ್ನ ಕೈಯಿಂದ ಅಂಥದ್ದೊಂದನ್ನು ಕಿತ್ತುಕೊಂಡರು. ಅರ್ಧ ಅವಧಿ ಆದಮೇಲೆ ಮೂಲಗಳನ್ನು ತೆಗೆದು ನಕಲು ಹಾಕಿದೆವು. ನಕಲು ಅಂತ ಫಲಕದಲ್ಲೇ ಬರೆದೆವು. ಯಾರೂ ತಕರಾರು ಮಾಡಲಿಲ್ಲ.

ಇನ್ನೊಂದು ವಿಷಯ ತಡವಾಗಿ ಕಣ್ಣಿಗೆ ಬಿತ್ತು. ನಕ್ಷೆಯ ಕೆಳಮೂಲೆಯಲ್ಲಿ ಬರೆದವರು ಯಾರು, ಪರೀಕ್ಷಿಸಿದವರು ಯಾರು ಅಂತ ಒಂದು ಪೆಟ್ಟಿಗೆ ಇರುತ್ತದೆ. ನಾವು "ಅವರ ಕೈಬರಹ" ಅಂತ ಹೊಗಳಿದ್ದ ಹಾಳೆಗಳಲ್ಲಿ ಬೇರೆ ಬೇರೆ ಜನರ ಸಣ್ಣ ಸಹಿಗಳಿದ್ದವು. ಆ ಮೆಟ್ಟಿಲನ್ನು ಕೆರೆದವರು ಕೂಡ ವಾಸ್ತುಶಿಲ್ಪಿ ಅಲ್ಲ, ಕಚೇರಿಯ ನಕ್ಷೆಗಾರರೊಬ್ಬರು. ಫಲಕ ಹೊಸದಾಗಿ ಅಚ್ಚು ಹಾಕಿಸಬೇಕಾಯಿತು. ಗೊಣಗಿಕೊಂಡೇ ಹಾಕಿಸಿದೆ.

ಬಿಚ್ಚುವ ದಿನ ಟೇಪು ಕೀಳುವಾಗ ಒಂದು ಮೂಲೆ ಮಾತ್ರ ನೆಲಕ್ಕೆ ಅಂಟಿಕೊಂಡು ಉಳಿಯಿತು. ಈಗ ಆ ಕೋಣೆಯಲ್ಲಿ ನಾಣ್ಯಗಳಿವೆ. ಕಾವಲುಗಾರ ಕುರ್ಚಿ ಹಾಕಿಕೊಳ್ಳುವುದು ಮೆಟ್ಟಿಲಿನ ಅದೇ ತಿರುವಿನಲ್ಲಿ.