ಫ್ಯೂಚರ್ಸ್ ಕಲಿಯುವವರಿಗೆ: ಮೊದಲು ಮಾರ್ಜಿನ್, ಆಮೇಲೆ ಚಾರ್ಟ್

ಫ್ಯೂಚರ್ಸ್ ಅಂದರೆ ಸರಕನ್ನು ಮುಂದಿನ ಒಂದು ತಿಂಗಳಲ್ಲಿ, ಇಂದೇ ಒಪ್ಪಿಕೊಂಡ ಬೆಲೆಗೆ ಕೊಳ್ಳುವ ಅಥವಾ ಮಾರುವ ಕಾಂಟ್ರ್ಯಾಕ್ಟ್. ಬ್ರೋಕರೇಜ್ ಕಚೇರಿಯ ರಿಸ್ಕ್ ವಿಭಾಗದಲ್ಲಿ ನನ್ನ ಕೆಲಸ. ಯಾವ ಖಾತೆಯಲ್ಲಿ ಹಣ ಸಾಲದು, ಯಾರಿಗೆ ಮಾರ್ಜಿನ್ ಕಾಲ್ (ಇನ್ನಷ್ಟು ಹಣ ಕಟ್ಟಿ ಎಂಬ ಸೂಚನೆ) ಹೋಗಬೇಕು ಎಂದು ದಿನವೂ ನೋಡುತ್ತೇನೆ. ಹೊಸಬರು ಸಪೋರ್ಟ್, ರೆಸಿಸ್ಟೆನ್ಸ್‌ನಂಥ ಚಾರ್ಟಿನ ಪದಗಳನ್ನು ಬೇಗ ಕಲಿತುಬಿಡುತ್ತಾರೆ. ಆದರೆ ಅವರು ಹಣ ಕಳೆದುಕೊಳ್ಳುವುದು ಹೆಚ್ಚಾಗಿ ಕಾಂಟ್ರ್ಯಾಕ್ಟಿನ ಷರತ್ತುಗಳು ಗೊತ್ತಿಲ್ಲದೆ. ನಾನು ಕಲಿಸುವಾಗ ಅಲ್ಲಿಂದಲೇ ಶುರು ಮಾಡುತ್ತೇನೆ.

ಕೊಂಡಿದ್ದರೆ ಲಾಂಗ್, ಮಾರಿದ್ದರೆ ಶಾರ್ಟ್. ಅದು ಒಂದು ನಿಮಿಷದ ಪಾಠ. ಲಾಟ್ ಗಾತ್ರಕ್ಕೆ, ಅಂದರೆ ಒಂದು ಕಾಂಟ್ರ್ಯಾಕ್ಟಿನಲ್ಲಿ ಎಷ್ಟು ಸರಕಿದೆ ಎಂಬುದಕ್ಕೆ, ಹೆಚ್ಚು ಹೊತ್ತು ಬೇಕು. ನ್ಯೂಯಾರ್ಕಿನ ನೈಮೆಕ್ಸ್ ವಿನಿಮಯ ಕೇಂದ್ರದಲ್ಲಿ ಅಮೆರಿಕದ ಡಬ್ಲ್ಯೂಟಿಐ ಕಚ್ಚಾ ತೈಲದ ಒಂದು ಲಾಟ್ ಅಂದರೆ 1,000 ಬ್ಯಾರೆಲ್. ಬೆಲೆ ಕದಲುವ ಕನಿಷ್ಠ ಹೆಜ್ಜೆ, ಅಂದರೆ ಟಿಕ್, ಬ್ಯಾರೆಲ್‌ಗೆ ಒಂದು ಸೆಂಟ್. ಪರದೆಯಲ್ಲಿ ಒಂದು ಸೆಂಟ್ ಕದಲಿದರೆ ಖಾತೆಯಲ್ಲಿ 10 ಡಾಲರ್ ಹೋಗುತ್ತದೆ ಅಥವಾ ಬರುತ್ತದೆ.

ಮಾರ್ಜಿನ್ ಅನ್ನು ಎಷ್ಟೋ ಮಂದಿ ಸರಕಿಗೆ ಕೊಟ್ಟ ಮುಂಗಡ ಎಂದುಕೊಳ್ಳುತ್ತಾರೆ. ಅದು ನಷ್ಟ ಬಂದರೆ ಕಟ್ಟಿಕೊಡುತ್ತೇನೆ ಎಂಬುದಕ್ಕೆ ಇಡುವ ಭದ್ರತಾ ಠೇವಣಿ. ಆರಂಭಿಕ ಮಾರ್ಜಿನ್ 6,000 ಡಾಲರ್, ಉಳಿಸಿಕೊಳ್ಳಲೇಬೇಕಾದ ಮೇಂಟೆನೆನ್ಸ್ ಮಾರ್ಜಿನ್ 5,500 ಎಂದಿಟ್ಟುಕೊಳ್ಳಿ. ತೈಲ ಒಂದು ಡಾಲರ್ ಇಳಿದರೆ ಒಂದು ಲಾಟ್ ಲಾಂಗ್ ಇರುವವರ ಖಾತೆಯಿಂದ ಅಂದೇ 1,000 ಡಾಲರ್ ಕಳೆಯುತ್ತದೆ. ನೀವು ಮಾರದಿದ್ದರೂ ಅಷ್ಟೇ. ಹೀಗೆ ದಿನದಿನದ ಲೆಕ್ಕ ತೀರಿಸುವುದೇ ಮಾರ್ಕ್ ಟು ಮಾರ್ಕೆಟ್. ಉಳಿದದ್ದು 5,000. ಆಗ 500 ಕಟ್ಟಿದರೆ ಸಾಲದು; ಮತ್ತೆ 6,000ಕ್ಕೆ ಏರಿಸಬೇಕು. ನನಗೆ ಬರುವ ಸಿಟ್ಟಿನ ಫೋನುಗಳಲ್ಲಿ ಬಹುಪಾಲು ಈ ವ್ಯತ್ಯಾಸದ ಬಗ್ಗೆಯೇ. ಹಣ ಬಾರದಿದ್ದರೆ ಪೊಸಿಷನ್ (ನಿಮ್ಮ ಕೈಲಿರುವ ಲಾಂಗ್ ಅಥವಾ ಶಾರ್ಟ್) ಮುಚ್ಚುವ ಹಕ್ಕು ಬ್ರೋಕರಿಗಿದೆ.

ಇನ್ನು ಎಕ್ಸ್‌ಪೈರಿ, ಅಂದರೆ ಕಾಂಟ್ರ್ಯಾಕ್ಟಿನ ಅವಧಿ ಮುಗಿಯುವುದು. 2020ರ ಏಪ್ರಿಲ್ 20ರಂದು ಡಬ್ಲ್ಯೂಟಿಐ ಮೇ ಕಾಂಟ್ರ್ಯಾಕ್ಟಿನ ಆ ದಿನದ ವಹಿವಾಟು ಮೈನಸ್ 37.63 ಡಾಲರ್‌ಗೆ ಮುಗಿಯಿತು, ಅಂದರೆ ಮಾರುವವರೇ ಹಣ ಕೊಡಬೇಕಾಯಿತು. ಮರುದಿನವೇ ಅದರ ಕೊನೆಯ ವಹಿವಾಟು. ಇಟ್ಟುಕೊಂಡವರು ಒಕ್ಲಹೋಮಾದ ಕುಶಿಂಗ್‌ನಲ್ಲಿ ತೈಲವನ್ನೇ ತೆಗೆದುಕೊಳ್ಳಬೇಕಿತ್ತು, ಆದರೆ ಅಲ್ಲಿ ತುಂಬಿಡಲು ಜಾಗ ಸಿಗುತ್ತಿರಲಿಲ್ಲ. ಅದೇ ದಿನ ಜೂನ್ ಕಾಂಟ್ರ್ಯಾಕ್ಟ್ 20 ಡಾಲರ್‌ಗಿಂತ ಮೇಲಿತ್ತು. ತಿಂಗಳು ಬೇರೆಯಾದರೆ ಕಾಂಟ್ರ್ಯಾಕ್ಟ್ ಬೇರೆ, ಬೆಲೆಯೂ ಬೇರೆ. ಹೀಗೆ ದೂರದ ತಿಂಗಳು ದುಬಾರಿಯಾಗಿದ್ದರೆ ಕಾಂಟ್ಯಾಂಗೊ, ಅಗ್ಗವಾಗಿದ್ದರೆ ಬ್ಯಾಕ್‌ವರ್ಡೇಶನ್. ಕಾಂಟ್ಯಾಂಗೊದಲ್ಲಿ ಲಾಂಗ್ ಪೊಸಿಷನ್ನನ್ನು ಮುಂದಿನ ತಿಂಗಳಿಗೆ ರೋಲ್‌ಓವರ್ ಮಾಡುವವರು ಅಗ್ಗದ್ದನ್ನು ಮಾರಿ ದುಬಾರಿಯದನ್ನು ಕೊಳ್ಳುತ್ತಾರೆ.

ವಾಲ್ಯೂಮ್ ಮತ್ತು ಓಪನ್ ಇಂಟರೆಸ್ಟ್ ಒಂದೇ ಅಲ್ಲ. ವಾಲ್ಯೂಮ್ ಅಂದರೆ ಆ ದಿನ ಕೈಬದಲಾದ ಲಾಟ್‌ಗಳು; ಓಪನ್ ಇಂಟರೆಸ್ಟ್ ಅಂದರೆ ಇನ್ನೂ ಮುಚ್ಚದೆ ಉಳಿದವು. ಹಳಬ ಲಾಂಗ್ ತನ್ನ ಲಾಟನ್ನು ಹೊಸಬನಿಗೆ ಮಾರಿದರೆ ವಾಲ್ಯೂಮ್ ಏರುತ್ತದೆ, ಓಪನ್ ಇಂಟರೆಸ್ಟ್ ಕದಲುವುದಿಲ್ಲ.

ಕೊನೆಯದಾಗಿ ಫಸ್ಟ್ ನೋಟಿಸ್ ಡೇ. ಚಿನ್ನ, ಮೆಕ್ಕೆಜೋಳದಂಥ ಡೆಲಿವರಿ ಇರುವ ಕಾಂಟ್ರ್ಯಾಕ್ಟುಗಳಲ್ಲಿ ಇದು ಕೊನೆಯ ವಹಿವಾಟಿನ ದಿನಕ್ಕಿಂತ ಮೊದಲೇ ಬರುತ್ತದೆ. ಅಂದಿನಿಂದ ಲಾಂಗ್ ಇರುವವರಿಗೆ ಸರಕು ತೆಗೆದುಕೊಳ್ಳಿ ಎಂಬ ನೋಟಿಸ್ ಬರಬಹುದು. ಸರಕು ಬೇಡದವರು ಕ್ಯಾಲೆಂಡರಿನಲ್ಲಿ ಗುರುತು ಹಾಕಬೇಕಾದದ್ದು ಎಕ್ಸ್‌ಪೈರಿಗಲ್ಲ, ಈ ದಿನಕ್ಕೆ.