ಡೈರೆಕ್ಟರಿ ರಿನೀವಲ್ ಮಾಡಬೇಕಾ, ಬೇಡವಾ?

ಬೆಳಗಾವಿಯ ಉದ್ಯಮಬಾಗದಲ್ಲಿ ಕಬ್ಬಿಣ ಕರಗಿಸಿ ಎರಕದ ಮಾಲು (ಕಾಸ್ಟಿಂಗ್) ಮಾಡುವ ಒಂದು ಫೌಂಡ್ರಿಯಲ್ಲಿ ಸೇಲ್ಸ್ ಎನ್‌ಕ್ವೈರಿ ನೋಡಿಕೊಳ್ಳುವುದು ನನ್ನ ಕೆಲಸ. ವರ್ಷಕ್ಕೊಮ್ಮೆ ನಮ್ಮ ಆಫೀಸಿನಲ್ಲಿ ಒಂದೇ ಮಾತು. ಇಂಟರ್ನೆಟ್ ಡೈರೆಕ್ಟರಿಯ (ಯಾವ ಮಾಲು, ಯಾವ ಕೆಲಸ ಯಾರ ಹತ್ತಿರ ಸಿಗುತ್ತದೆ ಅಂತ ತೋರಿಸುವ ವೆಬ್‌ಸೈಟ್) ಪ್ಯಾಕೇಜ್ ಮುಗೀತಾ ಬಂತು, ಮತ್ತೆ ದುಡ್ಡು ಕಟ್ಟೋದಾ, ಬಿಡೋದಾ? "ಬಾಜೂದವರೆಲ್ಲಾ ಹಾಕ್ಯಾರ, ನಾವು ಬಿಟ್ರ ಹೆಂಗ್ರಿ?" ಅಂತ ಮಾಲೀಕರು ಕೇಳುತ್ತಾರೆ. ಅವರ ಚಿಂತೆ ಸಹಜವೇ. ಆದರೆ ಬಾಜೂದವರ ಮಾಲು ಬೇರೆ, ಗಿರಾಕಿ ಬೇರೆ. ನಮ್ಮ ಮಾಲು ಕೊಳ್ಳುವವರು ಅಲ್ಲಿ ಹುಡುಕುತ್ತಾರಾ ಅನ್ನೋದಷ್ಟೇ ನಾವು ನೋಡಬೇಕು. ಅದನ್ನು ಡೈರೆಕ್ಟರಿಯ ಸೇಲ್ಸ್‌ನವರ ಮಾತಿನಿಂದ ತಿಳಿಯಲು ಆಗಲ್ಲ, ನಮ್ಮದೇ ರಿಜಿಸ್ಟರ್ ಹೇಳಬೇಕು.

ಡೈರೆಕ್ಟರಿಗೆ ಅಂತಲೇ ಒಂದು ಬೇರೆ ಸಿಮ್ ಇಟ್ಟಿದ್ದೇನೆ. ಆ ನಂಬರ್ ವಿಸಿಟಿಂಗ್ ಕಾರ್ಡ್‌ನಲ್ಲೂ ಇಲ್ಲ, ವೆಬ್‌ಸೈಟ್‌ನಲ್ಲೂ ಇಲ್ಲ. "ನಮ್ಮ ನಂಬರ್ ಎಲ್ಲಿ ಸಿಕ್ತು?" ಅಂತ ಕೇಳಿ ಬರೆದುಕೊಂಡರೆ ಸಾಲದಾ ಅನ್ನಬಹುದು. ಸಾಲದು. ಕೇಳಿದವರೆಲ್ಲ "ಗೂಗಲ್‌ನಾಗ" ಅಂತಾರೆ. ಗೂಗಲ್‌ನಲ್ಲಿ ಹುಡುಕಿದಾಗ ಮೇಲೆ ಬಂದ ಡೈರೆಕ್ಟರಿ ಪೇಜನ್ನೇ ಒತ್ತಿರುತ್ತಾರೆ, ಅದು ನೆನಪಿರಲ್ಲ.

ಆ ಸಿಮ್‌ಗೆ ಬರುವ ಫೋನ್ ಹೇಗಿರುತ್ತವೆ ನೋಡಿ. "ಮೇಡಂ, ಕಾಸ್ಟಿಂಗ್ ಕೆಜಿಗೆ ಎಷ್ಟು?" ಡ್ರಾಯಿಂಗ್ ಇದೆಯಾ ಅಂದರೆ ಇಲ್ಲ. ತಿಂಗಳಿಗೆ ಎಷ್ಟು ಪೀಸ್ ಅಂದರೆ "ಮೊದ್ಲು ರೇಟ್ ಹೇಳ್ರಿ." ಇನ್ನೊಬ್ಬರಿಗೆ ದೋಸೆ ತವಾ ಬೇಕು. ಮತ್ತೊಬ್ಬರು ನಮಗೇ ಸ್ಕ್ರಾಪ್ ಮಾರಲು ಫೋನ್ ಮಾಡಿರುತ್ತಾರೆ. ಇದರ ನಡುವೆ ಒಂದು ದಿನ ಪಂಪ್ ಕಂಪನಿಯ ಪರ್ಚೇಸ್‌ನವರು ಮಾತಾಡುತ್ತಾರೆ. ಪಂಪ್ ಕೇಸಿಂಗ್ (ಪಂಪಿನ ಹೊರಕವಚ), ಐಎಸ್ 210 (ಎರಕದ ಕಬ್ಬಿಣದ ಭಾರತೀಯ ಮಾನದಂಡ) ಪ್ರಕಾರ ಎಫ್‌ಜಿ 260 ಗ್ರೇಡ್, ಒಂದು ಪೀಸಿನ ತೂಕ ಇಷ್ಟು, ತಿಂಗಳ ಶೆಡ್ಯೂಲ್ ಇಷ್ಟು, ಪ್ಯಾಟರ್ನ್ (ಅಚ್ಚು ತೆಗೆಯುವ ಮಾದರಿ) ನಾವೇ ಕೊಡ್ತೀವಿ ಅಂತಾರೆ. ನಾವು ದುಡ್ಡು ಕಟ್ಟುವುದು ಈ ಫೋನ್‌ಗಾಗಿ. ಆದರೆ ಡೈರೆಕ್ಟರಿಯವರು ಕಳಿಸುವ ರಿಪೋರ್ಟ್‌ನಲ್ಲಿ ತವಾ ಕೇಳಿದವರೂ ಒಂದು ಲೀಡ್ (ಗಿರಾಕಿ ಆಗಬಹುದಾದವರು), ಕೇಸಿಂಗ್ ಕೇಳಿದವರೂ ಒಂದು ಲೀಡ್.

ರಿಜಿಸ್ಟರ್‌ನಲ್ಲಿ ಇನ್ನೊಂದು ಕಾಲಂ ಹಾಕಿಕೊಂಡಿದ್ದೇನೆ. ನನಗೆ ತುಂಬಾ ಉಪಯೋಗಕ್ಕೆ ಬಂದದ್ದು ಅದೇ. ಫೋನ್ ಮಾಡಿದವರು ಮಾಲಿನ ಹೆಸರು ಹಿಡಿದು ಬಂದರಾ, ನಮ್ಮ ಕಂಪನಿಯ ಹೆಸರು ಹಿಡಿದು ಬಂದರಾ? ಹುಬ್ಬಳ್ಳಿಯ ಹಳೇ ಗಿರಾಕಿಯೊಬ್ಬರು ನಂಬರ್ ಕಳೆದುಕೊಂಡಿರುತ್ತಾರೆ. ನಮ್ಮ ಹೆಸರು ಹಾಕಿ ಹುಡುಕುತ್ತಾರೆ, ಡೈರೆಕ್ಟರಿ ಪೇಜ್ ಮೇಲೆ ಬರುತ್ತದೆ, ಅಲ್ಲಿಂದ ಫೋನ್ ಮಾಡುತ್ತಾರೆ. ಅವರು ಮೊದಲೇ ನಮ್ಮವರು. ಆ ಆರ್ಡರನ್ನು ಡೈರೆಕ್ಟರಿಯ ಲೆಕ್ಕಕ್ಕೆ ಸೇರಿಸಿದರೆ ನಮಗೆ ನಾವೇ ಸುಳ್ಳು ಹೇಳಿಕೊಂಡ ಹಾಗೆ, ಅಲ್ವಾ?

ಈಗ ದುಡ್ಡಿನ ಲೆಕ್ಕ. ಉದಾಹರಣೆಗೆ ವರ್ಷದ ಪ್ಯಾಕೇಜ್ 30,000 ರೂಪಾಯಿ ಅಂದುಕೊಳ್ಳಿ. ಅದರ ಮೇಲೆ 18% ಜಿಎಸ್‌ಟಿ ಸೇರಿ 35,400. ರೆಗ್ಯುಲರ್ ಜಿಎಸ್‌ಟಿ ಇದ್ದವರಿಗೆ ಆ 5,400 ಇನ್‌ಪುಟ್ ಕ್ರೆಡಿಟ್ ಆಗಿ ಸಿಗುತ್ತದೆ, ಅಂದರೆ ತಾವು ಕಟ್ಟುವ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಬಹುದು. ಕಾಂಪೋಸಿಷನ್‌ನಲ್ಲಿ (ಸಣ್ಣ ವ್ಯಾಪಾರಿಗಳಿಗಿರುವ ಸರಳ ಜಿಎಸ್‌ಟಿ ಯೋಜನೆ) ಇರುವ ಸಣ್ಣವರಿಗೆ ಸಿಗಲ್ಲ, ಅವರಿಗೆ ಪೂರ್ತಿ 35,400 ಖರ್ಚೇ. ಎಲ್ಲಾ ಖರ್ಚು ಕಳೆದು ನೂರಕ್ಕೆ 12 ಉಳಿಯುತ್ತದೆ ಅಂದರೆ, ಮೊದಲಿನವರಿಗೆ 2,50,000 ರೂಪಾಯಿಯ ಹೊಸ ಆರ್ಡರ್ ಬಂದಾಗ ಕಟ್ಟಿದ ದುಡ್ಡು ಬರೀ ವಾಪಸ್ ಬಂದಂತೆ. ಎರಡನೆಯವರಿಗೆ 2,95,000 ಬೇಕು. ಲಾಭ ಅದರ ಮೇಲಿನ ಮಾತು. ಸಾವಿರ ಜನ ಪೇಜ್ ನೋಡಿದ್ದಾರೆ ಅನ್ನುವುದಕ್ಕೆ ಈ ಲೆಕ್ಕದಲ್ಲಿ ಜಾಗವೇ ಇಲ್ಲ.

ಹಾಗಂತ ಎರಡು ತಿಂಗಳಿಗೇ ತೀರ್ಮಾನ ಮಾಡಬೇಡಿ. ನಮ್ಮ ಧಂದೆಯಲ್ಲಿ ಡ್ರಾಯಿಂಗ್ ಬಂದು, ಕೊಟೇಶನ್ ಹೋಗಿ, ಪ್ಯಾಟರ್ನ್ ತಯಾರಾಗಿ, ಸ್ಯಾಂಪಲ್ ಪಾಸ್ ಆಗುವಷ್ಟರಲ್ಲಿ ತಿಂಗಳುಗಟ್ಟಲೆ ಹಿಡಿಯುತ್ತದೆ. ಈ ವರ್ಷದ ಫೋನ್ ಮುಂದಿನ ವರ್ಷ ಆರ್ಡರ್ ಆಗಬಹುದು. ಟಿಳಕವಾಡಿಯಲ್ಲಿ ಎಸಿ ರಿಪೇರಿ ಮಾಡುವವರಿಗೆ ಹಾಗಲ್ಲ. ಎಸಿ ಕೆಟ್ಟವರಿಗೆ ಇವತ್ತೇ ಜನ ಬೇಕು, ಮೊದಲು ಕಂಡವರಿಗೇ ಫೋನ್. ಬೇಸಿಗೆಯ ಒಂದೆರಡು ತಿಂಗಳಲ್ಲೇ ಅವರಿಗೆ ಗೊತ್ತಾಗುತ್ತದೆ, ಹಲವರಿಗೆ ಅದು ಲಾಭದ್ದೇ. ಕುಂದಾ ಮಾರುವ ಅಂಗಡಿಗೆ ಮಾತ್ರ ಮೊದಲು ಗೂಗಲ್ ಬಿಸಿನೆಸ್ ಪ್ರೊಫೈಲ್ (ಗೂಗಲ್ ಮತ್ತು ಮ್ಯಾಪ್‌ನಲ್ಲಿ ಅಂಗಡಿಯ ವಿವರ ತೋರಿಸುವ ಪುಟ) ಸರಿ ಮಾಡಿಕೊಳ್ಳಿ ಅಂತೀನಿ. ಅದಕ್ಕೆ ಪೈಸಾ ಕೊಡಬೇಕಾಗಿಲ್ಲ.

ಡೈರೆಕ್ಟರಿಯವರಿಂದ ಇನ್ನೊಂದು ಮಾತು ಪದೇ ಪದೇ ಕೇಳುತ್ತೇನೆ. "ನಮ್ಮಲ್ಲಿ ಲಿಸ್ಟ್ ಆದ್ರೆ ಬ್ಯಾಕ್‌ಲಿಂಕ್ ಸಿಗುತ್ತೆ, ಗೂಗಲ್‌ನಲ್ಲಿ ನಿಮ್ಮ ವೆಬ್‌ಸೈಟ್ ಮೇಲೆ ಬರುತ್ತೆ" ಅನ್ನೋದು. ಬ್ಯಾಕ್‌ಲಿಂಕ್ ಅಂದರೆ ಬೇರೆ ಸೈಟ್‌ನಿಂದ ನಮ್ಮ ಸೈಟ್‌ಗೆ ಕೊಡುವ ಲಿಂಕ್. ಇದು ಹಳೇ ಕಾಲದ ಮಾತು. ಒಂದು ಕಾಲದಲ್ಲಿ ಯಾಹೂ ಡೈರೆಕ್ಟರಿಗೆ ಕಂಪನಿಗಳು ವರ್ಷಕ್ಕೆ 299 ಡಾಲರ್ ಕಟ್ಟುತ್ತಿದ್ದವು. ಆ ಡೈರೆಕ್ಟರಿ 2014ರ ಕೊನೆಗೆ ಮುಚ್ಚಿತು. ಸ್ವಯಂಸೇವಕರು ನಡೆಸುತ್ತಿದ್ದ, ಫ್ರೀಯಾಗಿದ್ದ ಡಿಮೋಜ್ ಡೈರೆಕ್ಟರಿ ಕೂಡ 2017ರ ಮಾರ್ಚ್‌ನಲ್ಲಿ ನಿಂತಿತು. ರ‍್ಯಾಂಕಿಂಗ್‌ಗಾಗಿ ಲಿಂಕ್ ಕೊಳ್ಳುವುದು ಗೂಗಲ್ ನಿಯಮಕ್ಕೆ ವಿರುದ್ಧ. ದುಡ್ಡು ಕೊಟ್ಟು ಹಾಕಿಸಿದ ಲಿಂಕ್‌ಗೆ 'ನೋಫಾಲೋ' ಅಥವಾ 2019ರಲ್ಲಿ ಬಂದ 'ಸ್ಪಾನ್ಸರ್ಡ್' ಗುರುತು ಹಾಕಬೇಕು ಅಂತ ಗೂಗಲ್‌ನವರೇ ಹೇಳಿದ್ದಾರೆ. ರ‍್ಯಾಂಕಿಂಗ್‌ಗೆ ಈ ಲಿಂಕ್ ಲೆಕ್ಕಕ್ಕೆ ಹಿಡಿಯಬೇಡಿ ಅನ್ನುವ ಗುರುತು ಅದು. ಹಾಗಾಗಿ ಲಿಂಕ್‌ಗಾಗಿ ಒಂದು ರೂಪಾಯಿನೂ ಕೊಡಬೇಡಿ. ಗಿರಾಕಿ ಬರುತ್ತಾರೆ ಅಂದರೆ ಮಾತ್ರ ಕೊಡಿ.

ಕಟ್ಟುವ ಮುನ್ನ ಡೈರೆಕ್ಟರಿಯವರಿಂದ ಮೂರು ವಿಷಯ ಇಮೇಲ್‌ನಲ್ಲಿ ಬರೆಸಿಕೊಳ್ಳುತ್ತೇನೆ. ಫೋನ್‌ನಲ್ಲಿ ಹೇಳಿದ್ದು ಆಮೇಲೆ ಯಾರಿಗೂ ನೆನಪಿರಲ್ಲ. ಒಂದೇ ಎನ್‌ಕ್ವೈರಿಯನ್ನು ಎಷ್ಟು ಜನಕ್ಕೆ ಕಳಿಸುತ್ತೀರಿ? ಐದಾರು ಫೌಂಡ್ರಿಗೆ ಹೋದರೆ ಅಲ್ಲಿ ಶುರುವಾಗುವುದು ರೇಟ್ ಇಳಿಸುವ ಪೈಪೋಟಿ ಮಾತ್ರ. ಪೇಜ್‌ನಲ್ಲಿ ನಮ್ಮ ನಂಬರ್ ಇರುತ್ತದಾ, ನಿಮ್ಮ ಕಾಲ್ ಫಾರ್ವರ್ಡ್ ನಂಬರ್ ಇರುತ್ತದಾ? ನಿಮ್ಮದಾದರೆ, ನಾವು ಬಿಟ್ಟ ದಿನ ಆ ನಂಬರ್ ಇಟ್ಟುಕೊಂಡ ಗಿರಾಕಿಗೆ ನಾವು ಸಿಗಲ್ಲ. ವರ್ಷ ಮುಗಿದ ಮೇಲೆ ದುಡ್ಡು ತಾನಾಗಿ ಕಟ್ ಆಗುತ್ತದಾ? ಅಕೌಂಟ್‌ನಿಂದ ಆಟೋ ಡೆಬಿಟ್‌ಗೆ ಮ್ಯಾಂಡೇಟ್ ಕೊಟ್ಟಿದ್ದರೆ, "ನಮಗೆ ಬೇಡ" ಅಂತ ಡೈರೆಕ್ಟರಿಯವರಿಗೆ ಫೋನ್‌ನಲ್ಲಿ ಹೇಳಿದರೆ ಮುಗಿಯಲ್ಲ. ಬ್ಯಾಂಕಿಗೂ ಬರೆದುಕೊಟ್ಟು ನಿಲ್ಲಿಸಬೇಕು.

ಈ ಸಲ ನಾವು ಒಂದು ಡೈರೆಕ್ಟರಿ ಉಳಿಸಿಕೊಂಡೆವು, ಒಂದನ್ನು ಬಿಟ್ಟೆವು. ಉಳಿಸಿಕೊಂಡಿದ್ದರಲ್ಲೂ ಮೇಲಿನ ಪ್ಯಾಕೇಜ್ ಬೇಡ ಅಂದೆವು. ರಿಜಿಸ್ಟರ್ ಮುಂದಿಟ್ಟಾಗ ಮಾಲೀಕರು ಹೆಚ್ಚು ಮಾತಾಡಲಿಲ್ಲ. "ಹೂಂ, ಇದನ್ನ ಬಿಡ್ರಿ" ಅಂದರು. ಬಿಟ್ಟದ್ದರಲ್ಲಿ ಫ್ರೀ ಪೇಜ್ ಹಾಗೇ ಇದೆ. ಅಲ್ಲಿದ್ದ ಹಳೇ ವಿಳಾಸ ಸರಿ ಮಾಡಿಸಿದ್ದೇನೆ. ಉಳಿದ ದುಡ್ಡಿನಲ್ಲಿ ಕಾಸ್ಟಿಂಗ್‌ಗಳ ಒಳ್ಳೆ ಫೋಟೋ ತೆಗೆಸುತ್ತಿದ್ದೇವೆ. ಪೀಸಿನ ತೂಕ, ಗ್ರೇಡ್, ಮೌಲ್ಡಿಂಗ್ ಬಾಕ್ಸ್ (ಎರಕದ ಅಚ್ಚು ಕಟ್ಟುವ ಪೆಟ್ಟಿಗೆ) ಸೈಜ್ ಸಮೇತ ನಮ್ಮ ವೆಬ್‌ಸೈಟ್‌ಗೆ ಹಾಕುವುದಕ್ಕೆ. ಪರ್ಚೇಸ್‌ನವರು ಮೊದಲು ಕೇಳುವುದು ಅದನ್ನೇ.