ಹನ್ನೆರಡು ರಾತ್ರಿ ಬಟ್ಟೆ ಹರವಬಾರದು

ಜರ್ಮನಿಯ ಕಾಸೆಲ್‌ಗೆ ಬಂದ ಮೊದಲ ಚಳಿಗಾಲ. ಕ್ರಿಸ್‌ಮಸ್ ಮುಗಿದು ಎರಡು ದಿನವಾಗಿತ್ತು. ಅಪರೂಪಕ್ಕೆ ಬಿಸಿಲು ಬಂದಿದೆ ಅಂತ ಬೆಡ್‌ಶೀಟ್, ಟವೆಲ್ ಎಲ್ಲ ಒಗೆದು ಬಾಲ್ಕನಿಯಲ್ಲಿ ಹರವಿದ್ದೆ. ಸ್ವಲ್ಪ ಹೊತ್ತಿಗೇ ಟವೆಲ್ ಹಪ್ಪಳದ ಹಾಗೆ ಸೆಟೆದುಕೊಂಡಿತು. ಅಷ್ಟರಲ್ಲಿ ಬೆಲ್ ಆಯಿತು. ಕೆಳಗಿನ ಮನೆಯ ಅಜ್ಜಿ. ಎಂಬತ್ತು ದಾಟಿದವರು, ಮೆಟ್ಟಿಲು ಹತ್ತಿ ಬಂದಿದ್ದರು.

"ಬಟ್ಟೆ ಒಳಗೆ ತನ್ನಿ. ಈ ಹನ್ನೆರಡು ರಾತ್ರಿ ಹೊರಗೆ ಹಾಕಬಾರದು. ಫ್ರೌ ಹೊಲ್ಲೆ ಓಡಾಡುತ್ತಾಳೆ."

ಮರುಮಾತಾಡದೆ ಬಟ್ಟೆಯನ್ನೆಲ್ಲ ಒಳಗೆ ತಂದೆ. ದೀಪ ಹಚ್ಚಿದ ಮೇಲೆ ಕಸ ಗುಡಿಸಬಾರದು ಎನ್ನುವ ಮನೆಯಲ್ಲಿ ಬೆಳೆದವಳು ನಾನು. ಇಂಥ ಮಾತು ಹೇಳುವವರ ದನಿ ನನಗೆ ಚೆನ್ನಾಗಿ ಗೊತ್ತು.

ಹೊಲ್ಲೆಯ ಹೆಸರು ಕೇಳಿದ್ದೆ. ಫ್ರೌ ಅಂದರೆ ಶ್ರೀಮತಿ. ಈ ಕಡೆ ಹಿಮ ಬಿದ್ದರೆ "ಫ್ರೌ ಹೊಲ್ಲೆ ಹಾಸಿಗೆ ಕೊಡವುತ್ತಿದ್ದಾಳೆ" ಅನ್ನುತ್ತಾರೆ. ಅವಳ ಹಾಸಿಗೆಯಿಂದ ಉದುರುವ ಗರಿಗಳೇ ಹಿಮ. ಗ್ರಿಮ್ ಸಹೋದರರು 1812ರಲ್ಲಿ ಅಚ್ಚು ಹಾಕಿಸಿದ ಜನಪದ ಕಥೆಗಳಲ್ಲಿ ಅವಳದ್ದೂ ಇದೆ. ಅದನ್ನು ಅವರಿಗೆ ಹೇಳಿದ್ದು ಇದೇ ಕಾಸೆಲ್‌ನ ಔಷಧಿ ಅಂಗಡಿಯವರ ಮಗಳು ಡಾರ್ಟ್‌ಶೆನ್ ವಿಲ್ಡ್. ಮುಂದೆ 1825ರಲ್ಲಿ ಅವಳು ವಿಲ್ಹೆಲ್ಮ್ ಗ್ರಿಮ್‌ನನ್ನೇ ಮದುವೆಯಾದಳು. ಬಾವಿಗೆ ಹಾರಿ ಹೊಲ್ಲೆಯ ಮನೆ ಸೇರಿದ ಹುಡುಗಿ ಚೆನ್ನಾಗಿ ಕೆಲಸ ಮಾಡಿದ್ದಕ್ಕೆ ಮೈಮೇಲೆ ಚಿನ್ನದ ಮಳೆ, ಸೋಮಾರಿಗೆ ಡಾಂಬರಿನ ಮಳೆ. ಎಲ್ಲರಿಗೂ ನೆನಪಿರುವುದು ಇದೇ.

ಅಜ್ಜಿ ಹೇಳಿದ ಹೊಲ್ಲೆ ಬೇರೆ. ಕ್ರಿಸ್‌ಮಸ್‌ನಿಂದ ಜನವರಿ 6ರವರೆಗಿನ ರಾತ್ರಿಗಳಲ್ಲಿ ಅವಳು ಸತ್ತವರ ದಂಡು ಕಟ್ಟಿಕೊಂಡು ಗಾಳಿಯಲ್ಲಿ ಹೋಗುತ್ತಾಳಂತೆ. ಹೊರಗೆ ಒಣಹಾಕಿದ ಬಿಳಿ ಬಟ್ಟೆ ಆ ದಂಡಿಗೆ ಸಿಕ್ಕರೆ, ವರ್ಷದೊಳಗೆ ಮನೆಯಲ್ಲಿ ಯಾರಿಗೋ ಹೆಣದ ಬಟ್ಟೆಯಾಗಿ ವಾಪಸ್ ಬರುತ್ತದಂತೆ. ಆ ದಿನಗಳಲ್ಲಿ ನೂಲುವುದಕ್ಕೂ ಇಲ್ಲ. ಅಗಸೆ ನಾರೆಲ್ಲ ಮೊದಲೇ ನೂತು ಮುಗಿಸಿರಬೇಕು. ಮುಗಿಸದವಳ ನಾರನ್ನು ಹೊಲ್ಲೆ ಸಿಕ್ಕುಸಿಕ್ಕು ಮಾಡಿಬಿಡುತ್ತಾಳೆ.

ಮರುದಿನ ಅಜ್ಜಿಯ ಮಗಳು ನಮ್ಮಿಬ್ಬರನ್ನೂ ಕಾರಿನಲ್ಲಿ ಹೋಯರ್ ಮೈಸ್ನರ್ ಬೆಟ್ಟಕ್ಕೆ ಕರೆದುಕೊಂಡು ಹೋದರು. ಸುಮಾರು 750 ಮೀಟರ್ ಎತ್ತರದ ಬೆಟ್ಟ. ಮೇಲೆ ಕಾಡಿನ ನಡುವೆ ಹೊಲ್ಲೆಯ ಕೊಳ. ನಾನು ದೊಡ್ಡ ಕೆರೆ ಅಂದುಕೊಂಡಿದ್ದೆ. ನೋಡಿದರೆ ಒಂದು ಪುಟ್ಟ ಕೊಳ, ಅದೂ ಹೆಪ್ಪುಗಟ್ಟಿತ್ತು. ಇದಕ್ಕೆ ತಳವೇ ಇಲ್ಲವಂತೆ. ಊರಿನ ಮಕ್ಕಳೆಲ್ಲ ಹುಟ್ಟುವ ಮೊದಲು ಇರುವುದು ಇದರೊಳಗೆ, ಹೊಲ್ಲೆಯ ಹತ್ತಿರವಂತೆ. ದಡದಲ್ಲಿ ಮರದಲ್ಲಿ ಕೆತ್ತಿದ ಹೊಲ್ಲೆ, ಭುಜದ ಮೇಲೆ ಹಿಮ ಹೊತ್ತು ನಿಂತಿದ್ದಳು.

1835ರಲ್ಲಿ ಜೇಕಬ್ ಗ್ರಿಮ್ ಇವಳು ಹಳೆಯ ಕಾಲದ ದೇವತೆ ಎಂದು ಬರೆದರು. ಎಲ್ಲ ವಿದ್ವಾಂಸರೂ ಒಪ್ಪುವುದಿಲ್ಲ. ನಾನು ಅಜ್ಜಿಯನ್ನೇ ಕೇಳಿದೆ, "ಇವಳು ದೇವತೆನಾ?"

ಅವರು ಅದಕ್ಕೆ ಉತ್ತರ ಕೊಡಲಿಲ್ಲ. ಕೈಗವಸು ತೆಗೆದು ಬೆರಳು ತೋರಿಸಿದರು. "ನನ್ನ ಅಜ್ಜಿ ನಾರು ನೂಲುತ್ತಿದ್ದಳು. ಎಳೆ ನುಣುಪಾಗಲಿ ಅಂತ ಬೆರಳನ್ನು ಎಂಜಲಲ್ಲಿ ಒದ್ದೆ ಮಾಡಿಕೊಳ್ಳಬೇಕು, ದಿನವಿಡೀ. ಚಳಿಗೆ ಇಲ್ಲೆಲ್ಲ ಒಡೆದು ರಕ್ತ ಬರುತ್ತಿತ್ತು. ಗಾಯ ಮಾಯುತ್ತಿದ್ದದ್ದು ಈ ಹನ್ನೆರಡು ದಿನ ಮಾತ್ರ. ಆಗ ‘ನೂಲು’ ಅಂತ ಅವಳಿಗೆ ಹೇಳಲು ಯಾರಿಗೂ ಧೈರ್ಯ ಇರಲಿಲ್ಲ, ನನ್ನ ಅಜ್ಜನಿಗೂ."

ಚಿನ್ನದ ಮಳೆಗಿಂತ ಇದು ದೊಡ್ಡ ವರ ಅಲ್ವಾ? ಅಷ್ಟು ಹೊತ್ತೂ ಹೊಲ್ಲೆ ಹೆದರಿಸಿದ್ದು ಹೆಂಗಸರನ್ನು ಅಂತಲೇ ತಿಳಿದಿದ್ದೆ.

ಬೆಟ್ಟ ಇಳಿಯುವಾಗ ಹಿಮ ಶುರುವಾಯಿತು. ಒಗೆದ ಬಟ್ಟೆಯ ಬುಟ್ಟಿ ಅಡುಗೆಮನೆಯ ಮೂಲೆಯಲ್ಲೇ ಇತ್ತು. ಜನವರಿ 7ರ ಬೆಳಿಗ್ಗೆ ಕೆಳಗಿನ ಬಾಲ್ಕನಿಯಲ್ಲಿ ಅಜ್ಜಿಯ ಮೇಜುಬಟ್ಟೆ ಕಂಡಿತು. ಆಮೇಲೆ ನಾನೂ ಹರವಿದೆ.